ಕೇಳಿಯೇ ಕೊಡುವ ನೀಲಕ್ಕ

ಹಿರೇಕೆರೂರಿನ ಪೇಟೆಯಲ್ಲಿ ನೀಲಾಂಬಿಕೆಯ ಅಂಗಡಿಗೆ ಹೋಗಿ, ಬೆಳೆಗೆ ಹೊಡೆಯುವ ಎಣ್ಣೆಯನ್ನು ಒಂದೇ ಮಾತಿನಲ್ಲಿ ಕೊಂಡು ಬಂದವರು ಯಾರೂ ಇಲ್ಲ. ಹುಳಕ್ಕೆ ಹೊಡೆಯುವುದನ್ನೂ ಕಳೆಗೆ ಹೊಡೆಯುವುದನ್ನೂ ಒಟ್ಟಾಗಿ ‘ಎಣ್ಣಿ’ ಎಂದೇ ಕರೆಯುವ ಈ ಸೀಮೆಯಲ್ಲಿ, ಬೇರೆ ಅಂಗಡಿಗಳಲ್ಲಿ ಡಬ್ಬಿಯ ಹೆಸರು ಹೇಳಿದರೆ ಡಬ್ಬಿ ಕೈಗೆ ಬರುತ್ತದೆ; ಇಲ್ಲಿ ಮೊದಲು ಪ್ರಶ್ನೆ ಬರುತ್ತದೆ. ಯಾವ ಹೊಲ, ಏನು ಬಿತ್ತಿದ್ದೀರಿ, ಹುಳ ಎಲೆಯ ಮೇಲಿದೆಯೋ ಸುಳಿಯೊಳಗೆ ಹೊಕ್ಕಿದೆಯೋ, ಹೊಡೆಯುವವರು ಯಾರು, ಮಿಕ್ಕದ್ದನ್ನು ಎಲ್ಲಿಡುತ್ತೀರಿ, ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ, ನೀವು ಹೇಗಿದ್ದೀರಿ. ಈ ಕೊನೆಯ ಪ್ರಶ್ನೆಗೆ ಬಂದಾಗ ನೀಲಕ್ಕ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಎದುರಿನವರ ಮುಖ ನೋಡುತ್ತಾಳೆ. ‘ಅರಾಮ ಅದೇನಿ’ ಎಂದು ಬಾಯಿ ಹೇಳಿದರೆ ಸಾಲದು, ಕಣ್ಣೂ ಹೇಳಬೇಕು. ಹೇಳುವವರೆಗೆ ಅವಳು ನೋಡುತ್ತಲೇ ಇರುತ್ತಾಳೆ. ಅವಸರದ ಗಿರಾಕಿಗಳು ಗೊಣಗುತ್ತಾರೆ. ಮಾಸೂರಿನ ಒಬ್ಬ ರೈತ, ‘ಈಕಿ ಹತ್ರ ಎಣ್ಣಿ ತರೂದು ಅಂದ್ರ ಕೋರ್ಟಿನ್ಯಾಗ ಸಾಕ್ಷಿ ಹೇಳಿದಂಗ’ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ಮತ್ತು ಮುಂದಿನ ಸಲವೂ ಅವಳಲ್ಲಿಗೇ ಬರುತ್ತಾನೆ.

ಐವತ್ತನ್ನು ದಾಟಿದ ಎತ್ತರದ ಹೆಂಗಸು. ಇಳಕಲ್ಲ ಸೀರೆಯ ಮೇಲೆ ನೀಲಿ ಬಣ್ಣದ ಒಂದು ಉದ್ದ ಕೋಟು. ಔಷಧದ ಕಂಪನಿಯೊಂದು ಯಾವ ಕಾಲದಲ್ಲೋ ಕೊಟ್ಟದ್ದು, ಕಂಪನಿಯ ಹೆಸರು ಒಗೆತಕ್ಕೆ ಸಿಕ್ಕಿ ಅಳಿಸಿಹೋಗಿ ಈಗ ಎದೆಯ ಮೇಲೆ ಹಳದಿ ಕಲೆಯಷ್ಟೇ ಉಳಿದಿದೆ. ಆ ಕೋಟಿನ ಆಳವಾದ ಕಿಸೆಗಳಲ್ಲಿ ಗಾಜಿನ ಕಪಾಟಿನ ಕೀಲಿ, ಒಂದು ಕತ್ತರಿ, ನಾಲ್ಕಾರು ಲವಂಗ. ನಡೆಯುವಾಗ ದೇಹ ಕೊಂಚ ಮುಂದಕ್ಕೆ ಬಾಗಿರುತ್ತದೆ, ಕಾಣದ ಹಗ್ಗವೊಂದನ್ನು ಹೆಗಲಿಗೆ ಹಾಕಿಕೊಂಡು ಬಂಡಿ ಎಳೆಯುತ್ತಿರುವವಳಂತೆ. ದನಿಯಂತೂ ಪೇಟೆಯ ಈ ತುದಿಯಿಂದ ಆ ತುದಿಗೆ ಮುಟ್ಟುವಂಥದು. ತವರು ಶಿಗ್ಗಾವಿ ತಾಲೂಕಿನ ಬಂಕಾಪುರ; ಕೋಟೆಯ ಪೊದೆಗಳಿಂದ ಇಳಿದು ಬಂದು ಬೆಳೆ ಕೆದರುವ ನವಿಲುಗಳನ್ನು ಕೂಗಿ ಓಡಿಸುವುದು ಅವಳ ಬಾಲ್ಯದ ಉದ್ಯೋಗವಾಗಿತ್ತು. ನವಿಲುಗಳು ಹಿಂದೆ ಉಳಿದವು, ದನಿ ಅವಳ ಜೊತೆ ಗಂಡನ ಮನೆಗೆ ಬಂತು.

ಪ್ರಶ್ನೆಗೆ ಮುಂಚೆ ‘ನಾ ಕೇಳೂದೇನಂದ್ರ’ ಎಂಬ ಪೀಠಿಕೆ ಅವಳ ನಾಲಿಗೆಗೆ ಎಷ್ಟು ಅಂಟಿಕೊಂಡಿದೆಯೆಂದರೆ, ದೇವರ ಮುಂದೆ ಕೈ ಮುಗಿದಾಗಲೂ ಅದರಿಂದಲೇ ಆರಂಭಿಸುತ್ತಾಳೆಂದು ಗಂಡ ಬಸವಣ್ಣೆಪ್ಪನ ಹಾಸ್ಯ. ಬಸವಣ್ಣೆಪ್ಪ ಮಿತಭಾಷಿ. ಹಾವೇರಿಯಿಂದ ಮಾಲು ತರುವುದು, ಗೊಬ್ಬರದ ಚೀಲ ಇಳಿಸುವುದು, ಅಂಗಡಿಯ ಹಿಂಭಾಗದಲ್ಲಿ ಕೂತು ಪೇಪರು ಓದುವುದು ಅವನ ಪಾಲಿನ ಕೆಲಸ. ಮಾತಿನ ಇಲಾಖೆಯನ್ನು ಮದುವೆಯಾದ ವರ್ಷವೇ ಹೆಂಡತಿಗೆ ಬಿಟ್ಟುಕೊಟ್ಟಿದ್ದಾನೆ.

ಇಂಥ ಹಟಕ್ಕೆ ಏನೋ ಕಾರಣವಿರಬೇಕೆಂದು ಊರಿನವರು ಊಹಿಸುತ್ತಾರೆ. ತವರಿನಲ್ಲಿ ಯಾರೋ ಎಣ್ಣೆ ಕುಡಿದು ಸತ್ತಿದ್ದರಂತೆ ಎಂದು ಒಬ್ಬರು, ಅಲ್ಲ, ಇವಳೇ ಕೊಟ್ಟ ಡಬ್ಬಿಯಿಂದ ಯಾರೋ ಹೋದರಂತೆ ಎಂದು ಇನ್ನೊಬ್ಬರು. ಎರಡೂ ನಿಜವಲ್ಲ. ನಡೆದದ್ದು ಇಷ್ಟೇ: ಕೆಲವು ವರ್ಷಗಳ ಹಿಂದೆ ಔಷಧ ಮಾರುವವರಿಗೆಲ್ಲ ಹಾವೇರಿಯಲ್ಲಿ ಒಂದು ತರಬೇತಿ ಇತ್ತು. ಮಧ್ಯಾಹ್ನದ ಊಟದ ಬಳಿಕ, ಅರ್ಧ ಸಭೆ ತೂಕಡಿಸುತ್ತಿದ್ದ ಹೊತ್ತಿಗೆ, ಮನೋರೋಗದ ವೈದ್ಯೆಯೊಬ್ಬಳು ಎದ್ದು ನಿಂತು ಮಾತಾಡಿದಳು. ಸಾಯಬೇಕೆನ್ನುವ ಆವೇಗ ಬಹಳ ಮಂದಿಯಲ್ಲಿ ಅಲೆಯಂತೆ ಏರಿ ಇಳಿಯುತ್ತದೆ, ಆ ಹೊತ್ತಿನಲ್ಲಿ ಕೈಗೆ ವಿಷ ಸಿಗದಿದ್ದರೆ, ಪಕ್ಕದಲ್ಲಿ ಒಬ್ಬರು ಕೂತಿದ್ದರೆ, ಜೀವ ಉಳಿಯುತ್ತದೆ. ಹಾಗೆ ಉಳಿದವರಲ್ಲಿ ಹೆಚ್ಚಿನವರು ಮುಂದೆ ಬದುಕುತ್ತಾರೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲ. ಒಬ್ಬರೇ ಹೊತ್ತ ಹೊರೆಗೆ ಇನ್ನೊಂದು ಕೈ ಸೇರಿದಂತಾಗುತ್ತದೆ. ಇದು ವೈದ್ಯರೊಬ್ಬರಿಂದ ಆಗುವ ಕೆಲಸವಲ್ಲ, ಕಾಲರಾ ಬಂದಾಗ ಊರೆಲ್ಲ ಸೇರಿ ನೀರು ಕಾಯುವ ಹಾಗೆ ಎಲ್ಲರೂ ಕಾಯಬೇಕಾದದ್ದು. ಇಷ್ಟು ಹೇಳಿ ಆಕೆ ಕೂತಳು. ಕೇಳಿದವರು ಚಪ್ಪಾಳೆ ತಟ್ಟಿ ಬಸ್ಸು ಹಿಡಿದರು. ನೀಲಕ್ಕ ಮಾತ್ರ ಅದನ್ನು ನಂಬಿಬಿಟ್ಟಳು. ಮರುದಿನವೇ ಎಣ್ಣೆಯ ಡಬ್ಬಿಗಳೆಲ್ಲ ಗಾಜಿನ ಕಪಾಟಿನೊಳಗೆ ಹೋಗಿ ಕೀಲಿ ಬಿತ್ತು. ಕಪಾಟಿನ ಮೇಲಿನ ಗೋಡೆಗೆ ಸರ್ಕಾರದ ಮಾನಸಿಕ ಸಹಾಯವಾಣಿಯ ಸಂಖ್ಯೆ ೧೪೪೧೬ ಎಂದು ಕೆಂಪು ಬಣ್ಣದಲ್ಲಿ, ಎಮ್ಮೆಯ ಕಣ್ಣಿನಷ್ಟು ದಪ್ಪ ಅಕ್ಷರದಲ್ಲಿ ಬರೆಸಲಾಯಿತು.

ಆರಂಭದಲ್ಲಿ ಎಡವಟ್ಟುಗಳೂ ಆದವು. ಲಗ್ನ ಗೊತ್ತಾದ ಸಂಭ್ರಮದಲ್ಲಿ ನಿದ್ದೆಗೆಟ್ಟು ಕಣ್ಣು ಕೆಂಪಾಗಿಸಿಕೊಂಡಿದ್ದ ತರುಣನೊಬ್ಬನನ್ನು ಕೂರಿಸಿ, ‘ಜೀವಾ ಬ್ಯಾಸರಾಗೇತೇನಪಾ’ ಎಂದು ಕೇಳಿ, ಅವನ ಮಾವನಾಗುವವನಿಂದ ಬೈಸಿಕೊಂಡಳು. ಎದುರು ಸಾಲಿನಲ್ಲಿ ಅದೇ ವ್ಯಾಪಾರದ ಅಂಗಡಿ ಇಟ್ಟುಕೊಂಡಿದ್ದ ಇನಾಯತ ಆ ಪ್ರಸಂಗವನ್ನು ಅಭಿನಯಿಸಿ ತೋರಿಸುತ್ತಿದ್ದ. ಇನಾಯತ ಸವಣೂರಿನವನು, ಹಾಸ್ಯಪ್ರಿಯ. ಗಿರಾಕಿಯ ಮುಖ ನೋಡುವ ಮೊದಲೇ ಅವನ ಕೈ ಡಬ್ಬಿಯ ಕಡೆ ಹೋಗಿರುತ್ತಿತ್ತು. ‘ನೀಲಕ್ಕನ ಪ್ರಶ್ನೆ ಮುಗಿಯೂದ್ರಾಗ ಹುಳಾ ಬೆಳಿ ತಿಂದು, ಮರಿ ಹಾಕಿ, ಮುಂದಿನ ಊರಿಗೆ ಹೋಗಿರ್ತೈತಿ’ ಎನ್ನುತ್ತಿದ್ದ. ನೀಲಕ್ಕನಿಗೆ ಸಿಟ್ಟು ಬರುತ್ತಿತ್ತು. ಆದರೂ ಅಂಗಡಿ ತೆರೆಯುವಾಗ ಇಬ್ಬರೂ ರಸ್ತೆಯ ಆಚೆ ಈಚೆಯಿಂದ ಕೈ ಎತ್ತಿ ಮಾತಾಡಿಸುವ ಪದ್ಧತಿ ತಪ್ಪಿರಲಿಲ್ಲ.

ಹೀಗಿರುವಾಗ, ಹೋದ ವರ್ಷದ ಮಳೆಗಾಲದ ಒಂದು ಶುಕ್ರವಾರ, ಮಧ್ಯಾಹ್ನದ ಬಿಸಿಲು ಮೋಡದ ಸಂದಿಯಿಂದ ಇಣುಕುತ್ತಿದ್ದ ಹೊತ್ತಿನಲ್ಲಿ, ಅಬಲೂರಿನ ಶಂಭುಲಿಂಗಗೌಡರು ಅಂಗಡಿಯ ಮೆಟ್ಟಿಲು ಹತ್ತಿದರು.

ಗೌಡರನ್ನು ಅರಿಯದವರು ಆ ಭಾಗದಲ್ಲಿ ಇಲ್ಲ. ಬದುವಿನ ತಂಟೆ, ಅಣ್ಣತಮ್ಮಂದಿರ ಪಾಲು, ಮುನಿಸಿಕೊಂಡು ತವರಿಗೆ ಹೋದ ಸೊಸೆ, ಏನೇ ಇದ್ದರೂ ಬಗೆಹರಿಸುವುದಕ್ಕೆ ಅವರೇ ಬೇಕು. ಬಿಳಿ ಧೋತರ, ತಲೆಗೆ ಟೊಪ್ಪಿಗೆ, ತೂಕದ ಮಾತು. ಎದುರಿಗೆ ಬಂದವರನ್ನು ಹೆಸರು ಹಿಡಿದು, ಅವರ ಎತ್ತು ಎಮ್ಮೆಗಳನ್ನೂ ಹೆಸರು ಹಿಡಿದು ವಿಚಾರಿಸುವ ಸೌಜನ್ಯ. ಮಕ್ಕಳು ಚೆನ್ನಾಗಿದ್ದರು, ಹೊಲ ಚೆನ್ನಾಗಿತ್ತು, ಮನೆಯಲ್ಲಿ ಹೆಂಡತಿ ನಾಗವ್ವನ ಕಾಳಜಿಯಿತ್ತು. ಊರಿನವರಿಗೆ ಕಷ್ಟ ಬಂದಾಗ ಗೌಡರ ಬಳಿ ಹೋಗುವ ರೂಢಿಯಿತ್ತೇ ಹೊರತು, ಗೌಡರಿಗೆ ಕಷ್ಟ ಬಂದರೆ ಅವರು ಯಾರ ಬಳಿ ಹೋಗಬೇಕೆಂದು ಯಾರೂ ಯೋಚಿಸಿರಲಿಲ್ಲ.

ಆ ದಿನ ಅವರು ಬಸವಣ್ಣೆಪ್ಪ ಎಲ್ಲಿ ಎಂದು ಕೇಳಲಿಲ್ಲ. ಕುರ್ಚಿ ಸರಿಸಿ ಕೊಟ್ಟರೆ ಕೂರಲಿಲ್ಲ. ಧೋತರದ ಅಂಚಿಗೆ ಕೆಸರು ಮೆತ್ತಿತ್ತು, ಗಡ್ಡ ಕೆರೆದು ಬಹಳ ದಿನಗಳಾಗಿದ್ದವು. ನೀಲಕ್ಕನ ಭುಜದಾಚೆಯ ಕಪಾಟಿನ ಮೇಲೆ ದೃಷ್ಟಿ ನೆಟ್ಟು, ‘ಒಂದು ಎಣ್ಣಿ ಡಬ್ಬಿ ಕೊಡವ್ವಾ’ ಎಂದರು.

‘ಯಾವ ಎಣ್ಣಿರಿ ಗೌಡ್ರ?’

‘ಯಾವುದಾದ್ರೂ ನಡೀತೈತಿ.’

ನೀಲಕ್ಕನ ಕೈ ಕಿಸೆಯೊಳಗಿನ ಕೀಲಿಯ ಮೇಲೆಯೇ ನಿಂತುಬಿಟ್ಟಿತು. ಇಷ್ಟು ವರ್ಷಗಳ ವ್ಯಾಪಾರದಲ್ಲಿ ಯಾವುದಾದರೂ ನಡೆಯುತ್ತದೆ ಎಂದ ರೈತನನ್ನು ಅವಳು ಕಂಡಿರಲಿಲ್ಲ. ಇಂಥದೇ ಬೇಕು, ಹೋದ ಸಲದ್ದು ಬೇಡ, ಕೆಂಪು ಮುಚ್ಚಳದ್ದು ಕೊಡು, ಹೀಗೆ ಜಗಳಕ್ಕೇ ಬರುತ್ತಾರೆ. ಅಲ್ಲದೆ ಗೌಡರ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಂಡು ಉಳುತ್ತಿದ್ದವನು ಉಳಿವೆಪ್ಪ. ಈ ಹಂಗಾಮಿಗೆ ಬೇಕಾದದ್ದನ್ನೆಲ್ಲ ಅವನು ಆಗಲೇ ಒಯ್ದಾಗಿತ್ತು.

‘ನಾ ಕೇಳೂದೇನಂದ್ರ ಗೌಡ್ರ, ಹೊಲಾ ಉಳಿವೆಪ್ಪ ಮಾಡಾಕತ್ತಾನ. ಎಣ್ಣಿನೂ ಅವನ ಒಯ್ದಾನ. ಇದು ಯಾತಕ್ಕರಿ?’

‘ಏನರೆ ಇರ್ಲಿ. ನೀ ಕೊಡು.’

ಅವಳು ಅಂಗಡಿಯ ಮೇಜಿನ ಈಚೆಗೆ ಬಂದು ಅವರ ಎದುರಿಗೇ ನಿಂತಳು. ತಪ್ಪು ತಿಳಿದಿದ್ದರೆ? ಇಷ್ಟು ದೊಡ್ಡ ಮನುಷ್ಯನಿಗೆ ಆಡಬಾರದ ಮಾತಾಡಿದಂತಾಗುತ್ತದೆ; ಅಬಲೂರಿನ ಒಬ್ಬನೂ ಮುಂದೆ ತನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಪೇಟೆಗೆಲ್ಲ ಕೇಳುವ ಆ ದನಿ ಎಂದೂ ಇಲ್ಲದಷ್ಟು ತಗ್ಗಿತು.

‘ಗೌಡ್ರ, ಸಾಯಬೇಕಂತ ಅನಸಾಕತ್ತೈತೇನ್ರಿ ನಿಮಗ?’

ಅವರು ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದರು. ‘ಯಾರ ಮುಂದ ಏನ ಮಾತಾಡಾಕತ್ತಿ, ಎಚ್ಚರ ಐತೇನ ನಿನಗ?’ ಜಗಳಗಂಟರ ಗುಂಪನ್ನು ಒಂದೇ ಗದರಿಕೆಗೆ ಮೌನಗೊಳಿಸುತ್ತಿದ್ದ ಆ ದನಿ ನಡುವಿನಲ್ಲೇ ಒಡೆಯಿತು. ತಿರುಗಿ ಮೆಟ್ಟಿಲಿಳಿದರು, ರಸ್ತೆ ದಾಟಿ ಇನಾಯತನ ಅಂಗಡಿಯ ಕಡೆ ನಡೆದರು.

ಇನಾಯತನ ಅಂಗಡಿಯ ಬಾಗಿಲು ಇಳಿದಿತ್ತು. ಜುಮ್ಮಾ ನಮಾಜಿಗೆ ಅವನು ಮಸೀದಿಗೆ ಹೋಗಿದ್ದ. ಗೌಡರು ಮುಚ್ಚಿದ ಬಾಗಿಲನ್ನು ಕೊಂಚ ಹೊತ್ತು ನೋಡಿ, ಅದರ ಮುಂದಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಎದ್ದು ಹೋಗುವವರಂತೆ ಕಾಣಲಿಲ್ಲ. ನೀಲಕ್ಕ ಪಕ್ಕದ ಚಹಾದಂಗಡಿಗೆ ಓಡಿದಳು. ಅಲ್ಲಿ ಒಲೆಯ ಮುಂದೆ ಅಂಗಡಿಯೊಡತಿ ಗುತ್ತೆವ್ವ ಹಾಲು ಉಕ್ಕದಂತೆ ಕಾಯುತ್ತಿದ್ದಳು.

‘ಗುತ್ತೆವ್ವಾ, ಗೌಡ್ರಿಗೆ ಒಂದ ಚಾ ಒಯ್ದು ಕೊಡು. ಅಲ್ಲೇ ಅವರ ಬಾಜೂಕ ಕುಂದ್ರು. ನಾ ಬರೂತನಕ ಅವರನ್ನ ಬಿಟ್ಟು ಏಳಬ್ಯಾಡ.’

‘ಹಾಲು ಉಕ್ಕತೈತಲ್ಲವಾ?’

‘ಉಕ್ಕಲಿ!’

ಗುತ್ತೆವ್ವ ಚಹಾ ಸೋಸಿಕೊಂಡು ಗೌಡರ ಕಡೆ ನಡೆದಳು. ನೀಲಕ್ಕ ಕಪಾಟಿನ ಕೀಲಿ ಭದ್ರವಿದೆಯೆಂದು ಕಿಸೆ ಮುಟ್ಟಿ ನೋಡಿಕೊಂಡು, ತೆರೆದ ಅಂಗಡಿಯನ್ನು ಹಾಗೆಯೇ ಬಿಟ್ಟು, ನೀಲಿ ಕೋಟನ್ನು ಗಾಳಿಗೆ ಹಾರಿಸುತ್ತ ಪೇಟೆಯ ಹಿಂದಿನ ಓಣಿಗೆ ಓಡಿದಳು. ಐವತ್ತು ದಾಟಿದ ಹೆಂಗಸು ಹಾಗೆ ಓಡುವುದನ್ನು ಕಂಡ ಮಂದಿ ಎಲ್ಲಿಯೋ ಬೆಂಕಿ ಬಿದ್ದಿದೆ ಎಂದುಕೊಂಡರು. ಮಸೀದಿಯ ಮುಂದೆ ನಮಾಜು ಮುಗಿಸಿದವರು ಚಪ್ಪಲಿ ಹುಡುಕುತ್ತಿದ್ದರು. ಇನಾಯತ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತ ಹೊರಬಂದ.

‘ಇನಾಯತಣ್ಣಾ, ಅಬಲೂರ ಗೌಡ್ರು ನಿನ್ನ ಅಂಗಡಿ ಮುಂದ ಕುಂತಾರ. ಅವರಿಗೆ ಎಣ್ಣಿ ಕೊಡಬ್ಯಾಡ.’

‘ಯಾಕ್ ನೀಲಕ್ಕಾ, ನಿನ್ನ ಗಿರಾಕಿ ಅಂತೇನ?’ ಎಂದು ಅವನು ನಗುತ್ತಲೇ ಆರಂಭಿಸಿದ. ಆಮೇಲೆ ಅವಳ ಮುಖ ನೋಡಿದ.

‘ಹೊಲಕ್ಕಲ್ಲ ಅಣ್ಣಾ, ತಮಗಂತ ಕೇಳಾಕ ಬಂದಾರ’ ಎಂದಳು ನೀಲಕ್ಕ, ಏದುಸಿರಿನ ನಡುವೆ.

ಇನಾಯತನ ನಗೆ ಮುಖದ ಮೇಲೆ ಎಲ್ಲಿತ್ತೋ ಅಲ್ಲಿಯೇ ಆರಿತು. ಅವಳಿಗಿಂತ ಮುಂದಾಗಿ ನಡೆದ.

ಅಂಗಡಿಯ ಮುಂದೆ ಗೌಡರು ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದು, ಕುಡಿಯದೆ, ಸುಮ್ಮನೆ ಕೂತಿದ್ದರು. ಪಕ್ಕದಲ್ಲಿ ಗುತ್ತೆವ್ವ ತನ್ನ ಸೊಸೆಯ ಮೇಲಿನ ದೂರುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ನ್ಯಾಯ ಹೇಳುವವರ ಪಕ್ಕ ಕೂತು ಬೇರೆ ಏನು ಮಾತಾಡಬೇಕೆಂದು ಅವಳಿಗೆ ತೋಚಿರಲಿಲ್ಲ. ಇನಾಯತನನ್ನು ಕಂಡು ಗೌಡರು ಎದ್ದರು. ‘ಬಾಗಲಾ ತಗಿಯಪಾ. ಒಂದು ಡಬ್ಬಿ ಬೇಕಾಗಿತ್ತು.’

ಇನಾಯತ ಬಲಗಿಸೆ ತಡವಿದ, ಎಡಗಿಸೆ ತಡವಿದ, ಎದೆಯ ಕಿಸೆ ತಡವಿದ. ‘ಅಯ್ಯೋ ಗೌಡ್ರ, ಕೀಲಿ ಮನ್ಯಾಗ ಉಳೀತು ನೋಡ್ರಿ.’

ಸುಳ್ಳು ಸಾಕ್ಷಿಗಳನ್ನು ಹಿಡಿಯುವುದರಲ್ಲೇ ಆಯುಷ್ಯ ಕಳೆದ ಗೌಡರು ಅವನನ್ನು ದಿಟ್ಟಿಸಿದರು. ‘ಕಿಸೇದಾಗ ಸಪ್ಪಳಾ ಆಗಾಕತ್ತೈತಿ.’

‘ಅದು ಬ್ಯಾರೆ ಕೀಲಿರಿ’ ಎಂದ ಇನಾಯತ. ಎಂದವನು ತಾನೇ ಕಟ್ಟೆಯ ಮೇಲೆ ಕೂತು, ಗೌಡರ ಕೈ ಹಿಡಿದು ಮೆಲ್ಲಗೆ ಕೆಳಗೆಳೆದ. ‘ನಿಮಗ ಇವತ್ತು ಬಾಗಲಾ ತಗಿಯಂಗಿಲ್ರಿ ಗೌಡ್ರ. ಕುಂದರ್ರಿ. ನಾನೂ ಕುಂದರ್ತೇನಿ.’

ಹಿಡಿದ ಕೈಯನ್ನು ಗೌಡರು ಬಿಡಿಸಿಕೊಳ್ಳಲಿಲ್ಲ. ಅವರ ಇನ್ನೊಂದು ಕೈಯಲ್ಲಿದ್ದ ಚಹಾ ತುಳುಕಿ ಧೋತರದ ಮೇಲೆ ಚೆಲ್ಲಿತು. ಗುತ್ತೆವ್ವ ಕಪ್ಪನ್ನು ತೆಗೆದುಕೊಂಡಳು. ಆಗ ಅವರು ಅತ್ತರು. ಪೇಟೆಯ ನಡುವೆ, ಹಾಡುಹಗಲಿನಲ್ಲಿ, ಹೋಗಿ ಬರುವವರ ಎದುರಿನಲ್ಲಿ, ದೊಡ್ಡ ಮೈಯೆಲ್ಲ ಅಲುಗುವಂತೆ ಅತ್ತರು. ನೀಲಕ್ಕ ಅವರ ಮುಂದೆ ನಿಂತು ತನ್ನ ಅಗಲವಾದ ಕೋಟಿನಿಂದ ರಸ್ತೆಗೆ ಮರೆ ಮಾಡಿದಳು.

ಅಳು ಇಳಿದ ಮೇಲೆ ಗೌಡರೇ ಮಾತಾಡಿದರು. ‘ಭಾಳ ದಿನಾ ಆತು, ನಿದ್ದಿ ಹತ್ತವಲ್ದು. ಉಂಡದ್ದು ಮಣ್ಣು ತಿಂದಂಗ ಆಕ್ಕೈತಿ. ಯಾಕಂತ ಕೇಳಿದ್ರ ಹೇಳಾಕ ಏನೂ ಇಲ್ಲಪಾ. ಏನ ಕಡಿಮಿ ಐತಿ ನನಗ? ಏನೂ ಕಡಿಮಿ ಇಲ್ಲ. ಕಾರಣಾನ ಇಲ್ಲದ ದುಃಖಾನ ಯಾರ ಮುಂದ ಹೇಳೂದು? ಅದಕ್ಕ ಯಾರಿಗೂ ಹೇಳಲಿಲ್ಲ.’

‘ಈಗ ಹೇಳಿದ್ರೆಲ್ಲ’ ಎಂದಳು ನೀಲಕ್ಕ. ‘ಸಾಕ್ರಿ, ಇಷ್ಟ ಸಾಕು.’

ಅವಳು ಅಲ್ಲಿಯೇ ನಿಂತು ತನ್ನ ಅಂಗಡಿಯ ಗೋಡೆಯ ಮೇಲೆ ಬರೆಸಿದ್ದ ಸಂಖ್ಯೆಗೆ ಫೋನು ಮಾಡಿದಳು. ಅತ್ತ ಕಡೆಯ ಹೆಣ್ಣುದನಿ ಶಾಂತವಾಗಿ ಎಲ್ಲವನ್ನೂ ಕೇಳಿ, ಅವರನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ, ಇಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಿತು. ಗೌಡರ ಕೈಗೆ ಫೋನು ಕೊಡಿಸಿ ಅವರೊಡನೆಯೂ ಮಾತಾಡಿತು. ತಾಲೂಕಾಸ್ಪತ್ರೆಯ ವೈದ್ಯರು ನೋಡಿ, ಹಾವೇರಿಯ ಮನೋವೈದ್ಯರಿಗೆ ತಿಳಿಸಿ, ತಡಮಾಡದೆ ಹೊರಡಿ ಎಂದರು. ಬಸವಣ್ಣೆಪ್ಪ ಗೊಬ್ಬರದ ಗಾಡಿ ಬಿಟ್ಟು ಪರಿಚಯದವರ ಕಾರು ತಂದ. ಫೋನಿನಲ್ಲಿ ಸುದ್ದಿ ತಿಳಿದು, ಅಬಲೂರಿನಿಂದ ಉಳಿವೆಪ್ಪನ ಬೈಕಿನ ಹಿಂದೆ ಕೂತು ನಾಗವ್ವ ಬಂದಳು. ಬಂದವಳು ಗಂಡನ ಮುಖ ನೋಡಿ, ಮೊದಲು ಸೆರಗಿನಿಂದ ಅವರ ಧೋತರದ ಮೇಲಿನ ಚಹಾದ ಕಲೆ ಒರೆಸಿದಳು. ಆಮೇಲೆ ನೀಲಕ್ಕನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: ‘ಊರಾಗ ಗೊತ್ತಾದ್ರ ಏನ ಅಂತಾರ ತಂಗಿ?’

‘ಜಡ್ಡ ಬಂದಿತ್ತು, ದವಾಖಾನಿಗೆ ಹೋಗಿದ್ರು ಅಂತಾರ. ಮತ್ತೇನಂತಾರ?’

ಹಾವೇರಿಯಲ್ಲಿ ಅವರನ್ನು ನೋಡಿದ ವೈದ್ಯೆ ನಾಗವ್ವನಿಗೂ ಹೆಚ್ಚುಕಡಿಮೆ ಅದನ್ನೇ ಹೇಳಿದಳು. ಇದು ಕಾಯಿಲೆ, ಸಕ್ಕರೆ ಕಾಯಿಲೆಗೆ ಕಾರಣ ಹೇಳಿಕೊಂಡು ಬರುವ ಅಗತ್ಯ ಹೇಗಿಲ್ಲವೋ ಇದಕ್ಕೂ ಇಲ್ಲ, ಗುಣವಾಗುತ್ತದೆ, ಆದರೆ ಔಷಧ ಹಿಡಿಯಲು ವಾರಗಳು ಬೇಕು, ಅಲ್ಲಿಯವರೆಗೆ ಜೊತೆಗಿರಿ, ಮನೆಯಲ್ಲಿ ಅಪಾಯದ ವಸ್ತುಗಳನ್ನು ಇಡಬೇಡಿ, ಹೇಗಿದ್ದೀರೆಂದು ಕೇಳುವುದಕ್ಕೆ ಹೆದರಬೇಡಿ. ಕೆಲವು ದಿನ ಗೌಡರು ಆಸ್ಪತ್ರೆಯಲ್ಲಿಯೇ ಉಳಿದರು. ಅಷ್ಟರೊಳಗೆ ಉಳಿವೆಪ್ಪ ಗೌಡರ ಕೊಟ್ಟಿಗೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಬೇರೆ ಕಡೆ ಸಾಗಿಸಿದ. ಗೌಡರನ್ನು ಕಳಿಸಿದ ಆ ಶುಕ್ರವಾರದ ಸಂಜೆ ನೀಲಕ್ಕ ಮನೆಗೆ ಬಂದು ನೀರು ಕುಡಿಯಲು ಕೂತವಳು, ಎದ್ದು ಒಲೆಯ ಮುಂದೆ ಹೋಗಲಾರದೆ ಹೋದಳು. ಬಸವಣ್ಣೆಪ್ಪನೇ ಒಗ್ಗರಣೆ ಅವಲಕ್ಕಿ ಮಾಡಿ ತಂದಿಟ್ಟ.

ಮೊದಲ ವಾರಗಳು ಸುಲಭವಾಗಿರಲಿಲ್ಲ. ಮನೆಗೆ ಮರಳಿದ ಮೇಲೂ ಗೌಡರು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಗುಳಿಗೆಯಿಂದ ಬಾಯಿ ಒಣಗುತ್ತದೆ ಎಂದು ಸಿಡಿಮಿಡಿಗೊಳ್ಳುತ್ತಿದ್ದರು. ಔಷಧ ತರಲು ಪೇಟೆಗೆ ಬಂದರೆ ನೀಲಕ್ಕನ ಅಂಗಡಿಯ ಸಾಲನ್ನು ಬಿಟ್ಟು ಆಚೆಯ ಸಾಲಿನಲ್ಲಿ ನಡೆಯುತ್ತಿದ್ದರು. ಅವಳು ಕೈ ಮುಗಿದರೆ ನೋಡದವರಂತೆ ಹೋಗುತ್ತಿದ್ದರು. ಮನಸ್ಸಿಗೆ ಕಸಿವಿಸಿಯಾದರೂ ನೀಲಕ್ಕ ಅದನ್ನು ಹಚ್ಚಿಕೊಳ್ಳಲಿಲ್ಲ. ‘ಸಿಟ್ಟ ಮಾಡ್ಕೊಳ್ಳಾಕ ಜೀವಂತ ಅದಾರಲ್ಲ’ ಎಂದು ಗಂಡನಿಗೆ ಹೇಳಿ, ಮುಂದಿನ ಗಿರಾಕಿಯತ್ತ ತಿರುಗುತ್ತಿದ್ದಳು.

ಒಂದು ದಿನ ಬೆಳಿಗ್ಗೆ, ಅಂಗಡಿಯ ಕಸ ಗುಡಿಸುತ್ತಿರುವಾಗ ನಾಗವ್ವನ ಫೋನು ಬಂತು. ಅತ್ತ ಕಡೆ ಅಳು. ನೀಲಕ್ಕನ ಕೈಯಿಂದ ಕಸಬರಿಗೆ ಜಾರಿ ಬಿತ್ತು.

‘ಏನಾತ ನಾಗಕ್ಕಾ? ಏನಾತು?’

‘ಪಲ್ಯಾಕ ಉಪ್ಪಿಲ್ಲಂತ ಬೈದ್ರವ್ವಾ!’ ಎಂದಳು ನಾಗವ್ವ. ‘ಇಷ್ಟ ದಿನಾ ಹಾಕಿದ್ದು ಸುಮ್ಮನ ನುಂಗಿ ಏಳತಿದ್ರು. ಖಾರ ಆಗೇತೋ ಸಪ್ಪಗ ಆಗೇತೋ ಒಂದ ಮಾತಿಲ್ಲ. ಇವತ್ತ ತಾಟ ಸರಿಸಿ, ಇದೇನ ಪಲ್ಯಾ ಮಾಡಿ, ಉಪ್ಪ ಎಲ್ಲೈತಿ ಅಂತ ಬೈದ್ರು. ಉಪ್ಪ ಹಾಕಿಸಿಕೊಂಡು ಇನ್ನೊಂದು ರೊಟ್ಟಿ ಉಂಡ್ರವ್ವಾ.’

ನೀಲಕ್ಕ ಪೇಟೆಯೆಲ್ಲ ಕೇಳುವಂತೆ ನಕ್ಕಳು. ಎದುರಿಗೆ ಬಾಗಿಲು ತೆಗೆಯುತ್ತಿದ್ದ ಇನಾಯತ ಏನೆಂದು ಕೈಸನ್ನೆ ಮಾಡಿದ. ‘ಗೌಡ್ರಿಗೆ ರುಚಿ ಹತ್ತೇತಿ!’ ಎಂದು ಅವಳು ಅಲ್ಲಿಂದಲೇ ಕೂಗಿದಳು. ಇನಾಯತ ಎರಡೂ ಕೈಯನ್ನು ಆಕಾಶದ ಕಡೆ ಎತ್ತಿ, ಮುಖದ ಮೇಲೆ ಎಳೆದುಕೊಂಡ.

ದೀಪಾವಳಿ ಕಳೆದ ಮೇಲೆ ಗೌಡರೇ ಅಂಗಡಿಗೆ ಬಂದರು. ಗಡ್ಡ ಕೆರೆದುಕೊಂಡಿದ್ದರು. ಬಸವಣ್ಣೆಪ್ಪನ ಸೊಂಟನೋವನ್ನು ವಿಚಾರಿಸಿದರು, ಕುರ್ಚಿಯಲ್ಲಿ ಕೂತರು, ನೀರು ಕೇಳಿ ಕುಡಿದರು. ‘ಅವತ್ತ ನಿನ್ನ ಮ್ಯಾಲೆ ಭಾಳ ಸಿಟ್ಟ ಬಂದಿತ್ತವ್ವಾ’ ಎಂದರು. ‘ನಾ ಯಾರಿಗೂ ಕಾಣಂಗ ಮುಚ್ಚಿಟ್ಟಿದ್ನೆಲ್ಲ ನೀ ಹೆಸರ ಹಿಡದು ಕೇಳಿದಿ. ಆದ್ರ ಇನಾಯತನ ಕಟ್ಟಿ ಮ್ಯಾಲೆ ಕುಂತಾಗ ಅದ ಮಾತು ತಲ್ಯಾಗ ಓಡಾಡಾಕತ್ತಿತ್ತು. ಇಷ್ಟ ದಿನದಾಗ ಒಬ್ಬರರೆ ಕೇಳಿದ್ರಲ್ಲ ಅಂತ.’

ನೀಲಕ್ಕ ಕಿಸೆಯಿಂದ ಲವಂಗ ತೆಗೆದು ಕೊಟ್ಟಳು.

ಇಷ್ಟಕ್ಕೇ ಸುಮ್ಮನಿರುವುದು ಗೌಡರ ಸ್ವಭಾವವಲ್ಲ. ಅಬಲೂರಿನ ಗುಡಿಯ ಕಟ್ಟೆಯ ಮೇಲೆ ಊರನ್ನು ಸೇರಿಸಿ, ಬಾಯಿಗೆ ಸೆರಗು ಹಿಡಿದು ನಾಗವ್ವ ನೋಡುತ್ತಿರುವಂತೆಯೇ ಹೇಳಿದರು: ತನಗೆ ಮನಸ್ಸಿನ ಕಾಯಿಲೆ ಬಂದಿತ್ತು, ಸಾಯುವ ಯೋಚನೆ ಬಂದಿತ್ತು, ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ, ಈಗ ಮೇಲಾಗಿದ್ದೇನೆ. ಹಿಂದಿನಿಂದ ಮುದುಕಿಯೊಬ್ಬಳು ಎದ್ದು, ‘ಆ ಗುಳಗಿ ತಗೊಂಡ್ರ ನಿದ್ದಿ ಹತ್ತೈತೇನ ಗೌಡಾ? ನನ್ನ ಮಗಳಿಗೂ ನಿದ್ದಿಲ್ಲ’ ಎಂದಳು. ಮುಂದಿನ ಸಲ ತಾಲೂಕಾಸ್ಪತ್ರೆಗೆ ಮನೋವೈದ್ಯರು ಬಂದ ದಿನ ಅಬಲೂರಿನಿಂದ ಮುದುಕಿಯ ಮಗಳೂ, ಅವಳ ಜೊತೆ ಇನ್ನೂ ಕೆಲವರೂ ಬಸ್ಸಿಗೆ ಕೂತರು. ಗೌಡರು ತಮ್ಮ ಹಳೆಯ ಕಾಳಿನ ಕೋಣೆಯನ್ನು ಊರಿಗೆ ಬಿಟ್ಟುಕೊಟ್ಟರು. ಹೊಡೆದು ಮಿಕ್ಕ ಎಣ್ಣೆಯನ್ನು ಯಾರೂ ಮನೆಯಲ್ಲಿಡದೆ ಅಲ್ಲಿಡಬೇಕು. ಕೋಣೆಗೆ ಎರಡು ಬೀಗ, ಎರಡು ಕೀಲಿ ಬೇರೆ ಬೇರೆ ಮನೆಯಲ್ಲಿ. ಇದೆಂಥ ತಾಪತ್ರಯ ಎಂದು ಹಲವರು ರೇಗಿದರು. ಗೌಡರು ಎಷ್ಟೋ ಪಾಲುಪಟ್ಟಿ ಮಾಡಿ ಪಳಗಿದ ತಾಳ್ಮೆಯಿಂದ ಒಬ್ಬೊಬ್ಬರನ್ನೇ ಒಪ್ಪಿಸಿದರು.

ಇನಾಯತನೂ ಈಗ ಕಪಾಟಿಗೆ ಕೀಲಿ ಹಾಕಿಸಿದ್ದಾನೆ. ನೀಲಕ್ಕನ ಹಾಗೆ ಮುಖಕ್ಕೆ ಮುಖ ಕೊಟ್ಟು ಕೇಳುವುದು ಅವನಿಗೆ ಬರುವುದಿಲ್ಲ. ಹಾಸ್ಯ ಮಾಡುತ್ತಾನೆ, ಹಾಸ್ಯಕ್ಕೂ ನಗದವರನ್ನು ಚಹಾಕ್ಕೆ ಕೂರಿಸುತ್ತಾನೆ, ಅಷ್ಟರಲ್ಲಿ ಎದುರಿನ ಅಂಗಡಿಗೆ ಸನ್ನೆ ಮಾಡುತ್ತಾನೆ.

ಎಲ್ಲವನ್ನೂ ತಡೆಯಬಲ್ಲೆನೆಂಬ ಭ್ರಮೆ ನೀಲಕ್ಕನಿಗಿಲ್ಲ. ಹಾನಗಲ್ಲ ಕಡೆಯ ಹಳ್ಳಿಯೊಂದರಿಂದ, ಅವಳು ಎಂದೂ ಕಾಣದ ಒಬ್ಬ ಹೆಣ್ಣುಮಗಳು ಜೀವ ಕಳೆದುಕೊಂಡ ಸುದ್ದಿ ಬಂದ ದಿನ ಅವಳು ಮಧ್ಯಾಹ್ನದ ಊಟ ಮಾಡಲಿಲ್ಲ. ‘ಯಾರೂ ಕೇಳಲಿಲ್ಲೇನೋ’ ಎಂದಷ್ಟೇ ಅಂದಳು. ಮರುದಿನ ಎಂದಿಗಿಂತ ಮುಂಚೆ ಅಂಗಡಿ ತೆರೆದಳು.

ಪರರ ಉಸಾಬರಿಗೆ ಹೋಗದವರನ್ನು ನಾವು ಸಭ್ಯರೆಂದು ಮೆಚ್ಚುತ್ತೇವೆ. ದುಃಖದಲ್ಲಿರುವವರನ್ನು ಕಂಡು ದೃಷ್ಟಿ ತಗ್ಗಿಸಿ ಹಾದುಹೋಗುವುದನ್ನು ಮರ್ಯಾದೆಯೆಂದು ಕಲಿಸುತ್ತೇವೆ. ಆ ಮರ್ಯಾದೆಯನ್ನು ಮುರಿದು ಇನ್ನೊಬ್ಬರ ಏಕಾಂತದೊಳಕ್ಕೆ ಕಾಲಿಡುವ ಕೆಲವರು ಪ್ರತಿಯೊಂದು ಊರಿನಲ್ಲೂ ಇರುತ್ತಾರೆ. ಅವರು ಆಗಾಗ ತಪ್ಪು ಬಾಗಿಲು ತಟ್ಟುತ್ತಾರೆ, ಬೈಸಿಕೊಳ್ಳುತ್ತಾರೆ, ನಗೆಗೀಡಾಗುತ್ತಾರೆ. ಅವರು ಕಟ್ಟಿದ್ದನ್ನು ಯಾರಿಗೂ ಬೆರಳು ತೋರಿಸಿ ಹೇಳುವಂತಿಲ್ಲ, ಏಕೆಂದರೆ ಅವರ ಶ್ರಮ ಸಾರ್ಥಕವಾದ ಕಡೆಯಲ್ಲೆಲ್ಲ ಸುದ್ದಿಯಾಗುವಂಥದೇನೂ ನಡೆದಿರುವುದಿಲ್ಲ: ಬೆಳಗಾಗಿರುತ್ತದೆ, ಎಮ್ಮೆ ಹಿಂಡಿಸಿಕೊಳ್ಳಲು ಕೂಗುತ್ತಿರುತ್ತದೆ, ಮನೆಯ ಹಿರಿಯ ಇನ್ನೂ ಏಳದೆ ಮುಸುಕೆಳೆದು ಮಲಗಿರುತ್ತಾನೆ, ಮತ್ತು ಅವನ ಹೆಂಡತಿ ಗಾಢವಾದ ಆ ನಿದ್ದೆಯ ಉಸಿರನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಎಬ್ಬಿಸದೆ, ಸದ್ದಾಗದಂತೆ ಒಳಗೆ ಹೋಗುತ್ತಾಳೆ.